ಹದಿನೇಳನೆಯ ಸ್ಲೈಡು

"ಎಷ್ಟು ಚೆನ್ನಾಗಿದೆ!" ಎಂಬ ಮಾತನ್ನು ಇವತ್ತು ಕಡಿಮೆಯೆಂದರೂ ನಲವತ್ತು ಸಲ ಕೇಳಬೇಕಾಗುತ್ತದೆ ಎಂದು ಅವನು ಬೆಳಿಗ್ಗೆ ಹಲ್ಲುಜ್ಜುವಾಗಲೇ ಸಿಡುಕಿದ್ದ. ಕರುಳಿನ ಒಳಪದರವನ್ನು ಮೈಕ್ರೋಸ್ಕೋಪಿನ ಪರದೆಯ ಮೇಲೆ ಕಂಡವರೆಲ್ಲ ಮೊದಲು ಹೇಳುವುದು ಅದನ್ನೇ. ಅನುದಾನ ಕೊಡುವವರಾಗಲಿ, ಪತ್ರಿಕೆಯವರಾಗಲಿ, ನಿನ್ನೆ ಮೊನ್ನೆ ಸೇರಿದ ವಿದ್ಯಾರ್ಥಿಗಳಾಗಲಿ, ಕತ್ತಲಕೋಣೆಯೊಳಗೆ ತಡವರಿಸಿಕೊಂಡು ಬಂದು, ಕಣ್ಣು ಹೊಂದಿಸಿಕೊಂಡು, ನೀಲಿ ಹಸಿರು ಕೆಂಪು ಕಂಡ ಕೂಡಲೇ ಬಾಯಿ ಬಿಡುತ್ತಾರೆ. "ಹೂವಿನ ಹಾಗಿದೆ!" ಹೂವಂತೆ. ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಕೂತು ತಾವೇ ಖಾಲಿ ಮಾಡಿ ಬರುವ ಕೊಳವೆಯ ಗೋಡೆ ಅದು ಎಂದು ನೆನಪಿಸಬೇಕೆಂದು ಅವನ ನಾಲಿಗೆ ತುರಿಸುತ್ತದೆ. ನೆನಪಿಸುವುದಿಲ್ಲ. "ನೀಲಿ ಬಣ್ಣದ್ದು ಕೋಶಗಳ ಒಳಗಿನ ಬೀಜ. ಹಸಿರು ಲೋಳೆ, ಗೋಡೇನ ಕಾಪಾಡೋದು ಅದೇ. ಕೆಂಪು ಕಾವಲಿನ ಕೋಶಗಳು, ಅವು ಅಲ್ಲೊಂದು ಇಲ್ಲೊಂದು ಇದ್ರೆ ಸರಿ, ಗುಂಪು ಕಟ್ಟಿಕೊಂಡು ನುಗ್ಗಿದ್ರೆ ಕಾಯಿಲೆ" ಎಂದು ಗಿಣಿಪಾಠ ಒಪ್ಪಿಸುತ್ತಾನೆ. ಹನ್ನೆರಡು ವರ್ಷದಿಂದ ಇದೇ ಪಾಠ. ಪಕ್ಕದಲ್ಲಿ ನಿಂತ ದೊಡ್ಡವರು, ಅಂದರೆ ಪ್ರಯೋಗಾಲಯದ ಮುಖ್ಯಸ್ಥರು, ಪಾಠ ಮುಗಿಯುತ್ತಲೇ ಅವನ ಭುಜ ತಟ್ಟಿ, "ಇವರು ನಮ್ಮ ಫೋಟೋಗ್ರಾಫರ್ರು" ಎನ್ನುತ್ತಾರೆ. ಮದುವೆಮನೆಯಲ್ಲಿ ಸಾಲಾಗಿ ನಿಲ್ಲಿಸಿ ನಗಿ ನಗಿ ಎನ್ನುವವನನ್ನು ಪರಿಚಯಿಸಿದ ಹಾಗೆ. ಬಂದವರು ನಗುತ್ತಾರೆ, ಅವನೂ ಹಲ್ಲು ಕಿರಿಯುತ್ತಾನೆ. ಹನ್ನೆರಡು ವರ್ಷದಿಂದ ಅದೂ ಇದೆ.

ಇವತ್ತಿನ ಸಡಗರ ಆರೋಗ್ಯವಂತರದ್ದು. ತಮ್ಮದೇ ದೇಹ ತಮ್ಮ ಕರುಳಿನ ಮೇಲೆ ಬಿದ್ದು ಅದನ್ನು ಉರಿಸುವ ರೋಗವಿದ್ದವರು ನಲವತ್ತು ಮಂದಿ, ಅವರ ಪಕ್ಕದಲ್ಲಿಟ್ಟು ಹೋಲಿಸಲು ಯಾವ ರೋಗವೂ ಇಲ್ಲದವರು ಇಪ್ಪತ್ತು ಮಂದಿ. ಎಲ್ಲರಿಂದಲೂ ಹಿಂದಿನಿಂದ ಕೊಳವೆ ತೂರಿಸಿ, ಒಳಗೋಡೆಯಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರೊಂದನ್ನು ಚಿವುಟಿ ತೆಗೆದದ್ದಾಗಿದೆ. ಆ ಚೂರನ್ನು ಕಾಗದಕ್ಕಿಂತ ತೆಳ್ಳಗೆ ಕೊಯ್ದು, ಗಾಜಿನ ಸ್ಲೈಡಿಗೆ ಅಂಟಿಸಿ, ಬಣ್ಣ ಹಾಕಿ ಚಿತ್ರ ತೆಗೆಯುವುದು ಅವನ ಕೆಲಸ. ಪ್ರಬಂಧ ಅಚ್ಚಿಗೆ ಹೋಗುವ ಸಮಯ ಬಂತು. ಆದ್ದರಿಂದ ಇವತ್ತು ಆ ಇಪ್ಪತ್ತು ಜನರನ್ನು ಕರೆಸಿ ಚಹಾ ಕೊಟ್ಟು, ಒಬ್ಬೊಬ್ಬರ ಕೈಗೂ ಅವರವರ ಕರುಳಿನ ಬಣ್ಣದ ಚಿತ್ರವನ್ನು ಚೌಕಟ್ಟು ಹಾಕಿಸಿ ಕೊಡುವುದೆಂದು ದೊಡ್ಡವರು ತೀರ್ಮಾನಿಸಿದ್ದರು. ಮನೆಗೆ ಒಯ್ದು ಅದನ್ನು ಎಲ್ಲಿ ನೇತುಹಾಕುತ್ತಾರೋ, ಊಟದ ಮೇಜಿನ ಎದುರಿಗೋ ಏನೋ. ಅವನು ಮೂಗು ಮುರಿಯುತ್ತಲೇ ಹದಿನೆಂಟು ಚಿತ್ರ ಮುದ್ರಿಸಿ ಹತ್ತೊಂಬತ್ತನೆಯದಕ್ಕೆ ಕೈ ಹಾಕಿದ್ದಾಗ ನರ್ಸಮ್ಮ ಬಾಗಿಲು ತಳ್ಳಿದಳು. ಯಾವ ಅಂಕೆ ಯಾರದ್ದು ಎಂಬ ಪಟ್ಟಿ ಇರುವುದು ಅವಳೊಬ್ಬಳ ಬೀರುವಿನಲ್ಲಿ. ಚಿತ್ರ ತೆಗೆಯುವವನಿಗೆ ಅಂಕೆ ಮಾತ್ರ ಗೊತ್ತಿರಬೇಕು, ಆಳು ಗೊತ್ತಿರಬಾರದು, ಅದು ಈ ಕಸುಬಿನ ಮಡಿ.

"ಸಾರ್, ಹದಿನೇಳಕ್ಕೆ ಚಿತ್ರ ಇಲ್ವಲ್ಲ."

"ಹದಿನೇಳು ಹಾಳಾಗಿತ್ತು. ಬಣ್ಣ ಸರಿಯಾಗಿ ಹಿಡಿದಿರ್ಲಿಲ್ಲ. ಪಟ್ಟಿಯಿಂದ ತೆಗೆದು ನಾಲ್ಕು ತಿಂಗಳಾಯ್ತು."

"ಅಯ್ಯೋ, ಅವರನ್ನ ಬರಿಗೈಲಿ ಹೇಗೆ ಕಳ್ಸೋದು? ಕರೆದಾಗಿದೆ." ನರ್ಸಮ್ಮ ದನಿ ತಗ್ಗಿಸಿದಳು. "ಹೇಳ್ಬಾರ್ದು, ಆದ್ರೂ ಹೇಳ್ತೀನಿ. ನಿಮ್ಮ ತಂಗೀದೇ ಸಾರ್ ಅದು."

ಅವನು ಪರದೆಯ ಕಡೆಗೇ ನೋಡುತ್ತ, "ಹಾಗಾದ್ರೆ ನಾಲ್ಕನೇದನ್ನೇ ಇನ್ನೊಂದು ಪ್ರಿಂಟ್ ಹೊಡೀತೀನಿ. ಎಲ್ಲ ಒಂದೇ ಥರ ಇರತ್ತೆ, ಯಾರಿಗ್ ಗೊತ್ತಾಗತ್ತೆ" ಎಂದ. ಸ್ವರ ತನ್ನದೇ, ಸರಾಗವಾಗಿಯೇ ಬಂತು. ನರ್ಸಮ್ಮನ ಮುಖ ಅರಳಿತು. ಅವಳಿಗೆ ಬೇಕಾಗಿದ್ದುದು ಇಪ್ಪತ್ತು ಚೌಕಟ್ಟು, ಅಷ್ಟೇ. "ಪ್ರಿಂಟರನ್ನ ಚಹಾ ಕೋಣೆಗೆ ತಗೊಂಡ್ಹೋಗಿಟ್ಟಿದೀವಿ ಸಾರ್, ಅಲ್ಲೇ ಬರತ್ತೆ" ಎಂದು ಹೇಳಿ ಚಪ್ಪಲಿ ಸದ್ದು ಮಾಡುತ್ತ ಹೋದಳು. ಅವನು ಗುಂಡಿ ಒತ್ತಿದ. ನಾಲ್ಕನೆಯದು ದೊಡ್ಡವರಿಗೆ ಅಚ್ಚುಮೆಚ್ಚಿನದು, ಪ್ರಬಂಧದಲ್ಲಿ 'ಮಾದರಿ ಚಿತ್ರ' ಎಂದು ಹಾಕಿರುವುದೂ ಅದನ್ನೇ. ದುಂಡಗಿನ ಕುಳಿಗಳು ಸಾಲುಸಾಲಾಗಿ, ಪ್ರತಿಯೊಂದರ ಸುತ್ತ ಹಸಿರು, ಕೆಂಪು ಹುಡುಕಿದರೂ ಸಿಗದು. ಸಾವಿರ ಚಿತ್ರ ತೆಗೆದು ಅವುಗಳಲ್ಲಿ ಅತಿ ಚೆಂದದ್ದನ್ನು ಆರಿಸಿ, ಕೆಳಗೆ 'ಮಾದರಿ' ಎಂದು ಬರೆಯುವುದು ವಿಜ್ಞಾನ. ಹೆಣ್ಣು ನೋಡಲು ಬಂದವರ ಮುಂದೆ ಅಕ್ಕನನ್ನು ಕೂರಿಸಿ ತಂಗಿಯನ್ನು ಕಟ್ಟುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಅವನೇ ಒಮ್ಮೆ ಊಟದ ಕೋಣೆಯಲ್ಲಿ ಎಲ್ಲರನ್ನೂ ನಗಿಸಿದ್ದ.

ಗೊತ್ತಿರಲಿಲ್ಲ ಎಂಬುದು ನಿಜ. ಗೊತ್ತಾಗದಂತೆ ನೋಡಿಕೊಂಡದ್ದೂ ನಿಜ. ತಂಗಿ ಇಲ್ಲಿಗೆ ಬಂದು ಚೂರು ಕೊಟ್ಟು ಹೋದ ಮರುದಿನವೇ ಎರಡು ಹೊಸ ಡಬ್ಬಿ ಬಂದಿದ್ದವು, ಹದಿನಾರು ಮತ್ತು ಹದಿನೇಳು. ಎರಡರಲ್ಲಿ ಒಂದು ಅವಳದೆಂದು ತಿಳಿಯಲು ಯಾವ ಪಾಂಡಿತ್ಯವೂ ಬೇಕಿರಲಿಲ್ಲ. ಹದಿನಾರು ಮಟ್ಟಸವಾಗಿ ಬಂತು. ಹದಿನೇಳು ಪರದೆಗೆ ಬಂದಾಗ ಅವನು ಮೊದಲು ಅಂದುಕೊಂಡದ್ದು ರೋಗಿಗಳ ಪೆಟ್ಟಿಗೆಯಿಂದ ಯಾವುದೋ ತಪ್ಪಿ ಬಂದಿದೆ ಎಂದು. ಕುಳಿಗಳ ಅಂಚು ಕೊರೆದುಹೋಗಿತ್ತು, ಹಸಿರು ಅಲ್ಲಲ್ಲಿ ತೇಪೆಯಷ್ಟೇ ಉಳಿದಿತ್ತು, ಕೆಂಪು ಎಲ್ಲೆಲ್ಲೂ. ದೊಡ್ಡವರು ಬಂದು ಕನ್ನಡಕ ಹಣೆಗೇರಿಸಿ ನೋಡಿದರು. ಅವರು ಯಾವತ್ತೂ 'ಬಿಸಾಕಿ' ಎನ್ನುವವರಲ್ಲ. ಅಷ್ಟು ದಡ್ಡರಾಗಿದ್ದರೆ ದೊಡ್ಡವರಾಗುತ್ತಿರಲಿಲ್ಲ. "ಕೊಳವೆ ಹಾಕಿದ ಡಾಕ್ಟ್ರು ಕಣ್ಣಿಗೆ ಚೆನ್ನಾಗೇ ಕಾಣ್ತಿದೆ ಅಂತ ಬರೆದಿದಾರಲ್ರೀ. ಬಣ್ಣ ಸರಿಯಾಗಿ ಕೂತಿಲ್ವೇನೋ, ಒಂದ್ಸಲ ನೋಡಿ" ಎಂದರು. ನೋಡಿ ಎಂದರೆ ಏನು ನೋಡಬೇಕೆಂದು ಈ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತು. ಅವನು ನೋಡಿದ. ಆರೋಗ್ಯವಂತರ ಸಾಲಿನಲ್ಲಿ ಇಂಥದೊಂದು ಕೂತರೆ ಪ್ರಬಂಧದ ಹೋಲಿಕೆಯ ನಕ್ಷೆಯೇ ಸೊಟ್ಟಗಾಗುತ್ತಿತ್ತು. ಬಣ್ಣದ ಮೇಲೆ ತಪ್ಪು ಹೊರಿಸಿ, ಹದಿನೇಳನ್ನು ಹಾಳಾದವುಗಳ ಕಡತಕ್ಕೆ ತಳ್ಳಿ, ಷರಾ ಬರೆಯುವ ಜಾಗದಲ್ಲಿ ಒಂದು ಸಾಲು ಗೀಚಿದ. ಅಲ್ಲಿ ತಮಾಷೆಯಾಗಿ ಏನಾದರೂ ಬರೆಯುವುದು ಅವನ ಚಾಳಿ, ಅದನ್ನು ಯಾರೂ ಓದುವುದಿಲ್ಲ. ಆರನೆಯ ರೋಗಿಯ ಮೊದಲ ಸ್ಲೈಡಿಗೆ 'ಚಾಕುವೂ ಮೊಂಡು, ಕೊಯ್ದವನೂ ಮೊಂಡು' ಎಂದು ಬರೆದಿದ್ದ. ಹದಿನೇಳಕ್ಕೆ ಏನು ಬರೆದೆ ಎಂದು ಈಗ ನೆನಪು ಮಾಡಿಕೊಳ್ಳಲು ಹೋಗಿ, ನೆನಪಾಗುವ ಮೊದಲೇ ಎದ್ದು ಕೈ ತೊಳೆಯಲು ಹೋದ.

ನಲ್ಲಿಯ ಮೇಲಿನ ಕನ್ನಡಿಯಲ್ಲಿ ಅವನದೇ ಗಂಟುಮುಖ. ತಂಗಿ ಊಟದ ನಡುವೆ ತಟ್ಟನೆ ಏಳುತ್ತಿದ್ದಳು. ಎಷ್ಟು ವರ್ಷದಿಂದ, ಮೂರೋ ನಾಲ್ಕೋ. ತಟ್ಟೆಯಲ್ಲಿ ಕಲೆಸಿದ ಅನ್ನ ಹಾಗೇ ಇರುತ್ತಿತ್ತು, ಬಚ್ಚಲಿನ ಕಡೆಯಿಂದ ಬಾಗಿಲ ಚಿಲಕದ ಸದ್ದು ಬರುತ್ತಿತ್ತು. ಅಮ್ಮ ಮುಖ ಸಿಂಡರಿಸಿ, "ಪಾತ್ರೆ ತೊಳಿಯೋ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು" ಎನ್ನುತ್ತಿದ್ದಳು. ಅವನು ನಗುತ್ತಿದ್ದ. ಕರುಳಿನ ಬಗ್ಗೆ ಮನೆಯಲ್ಲಿ ಮಾತಾಡುವ ಹಕ್ಕು ತನ್ನೊಬ್ಬನದು ಎಂಬ ಜಂಬ ಬೇರೆ. "ನಾನು ದಿನಾ ನೋಡ್ತೀನಿ ಅಂಥವರನ್ನ. ನಿಜವಾಗ್ಲೂ ಇದ್ದೋರು ಹೀಗಿರಲ್ಲ. ನಿಂದು ಬರೀ ರಂಪ" ಎಂದು ಅವಳು ಹಿಂದಿರುಗಿ ಬಂದು ಕೂರುವಾಗ ಹೇಳಿದ್ದ. ಅವನು ದಿನಾ ನೋಡುತ್ತಿದ್ದುದು ಚೂರುಗಳನ್ನು, ಅವುಗಳ ಹಿಂದಿನ ಒಬ್ಬನೇ ಒಬ್ಬ ಮನುಷ್ಯನನ್ನೂ ಅವನು ಕಣ್ಣಾರೆ ಕಂಡವನಲ್ಲ. ತಂಗಿ ಅನ್ನವನ್ನು ಅಂಚಿಗೆ ಸರಿಸಿದ್ದಳು. ಅವಳು ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಟೀಚರು. ತರಗತಿಯ ನಡುವೆ ಎದ್ದು ಓಡುತ್ತಾಳೆಂದು ಮುಖ್ಯೋಪಾಧ್ಯಾಯಿನಿ ಎರಡು ಸಲ ಪತ್ರ ಕೊಟ್ಟಿದ್ದಳು, ಮೂರನೆಯದು ಬಂದರೆ ಕೆಲಸ ಹೋದ ಹಾಗೆಯೇ. ಡಾಕ್ಟರರಿಂದ ಏನಾದರೂ ಬರೆಸಿಕೊಂಡು ಬಾ ಎಂದಿದ್ದಳು. ಏನೂ ಇಲ್ಲದ ಮೇಲೆ ಯಾರು ಏನು ಬರೆದುಕೊಡುತ್ತಾರೆ ಎಂದು ಅಮ್ಮ ಕೇಳಿದ್ದಳು. ಒಳ್ಳೆಯ ಪ್ರಶ್ನೆ ಎಂದು ಅವನಿಗೂ ಅನ್ನಿಸಿತ್ತು.

ಆರೋಗ್ಯವಂತರು ಐದು ಜನ ಕಡಿಮೆ ಬಿದ್ದಾಗ ದೊಡ್ಡವರು "ಮನೇಲಿ, ಸ್ನೇಹಿತರಲ್ಲಿ ಯಾರನ್ನಾದ್ರೂ ಕೇಳ್ರೀ" ಎಂದು ಎಲ್ಲರ ತಲೆ ತಿಂದರು. ನೀವೇ ಯಾಕೆ ಕೊಡಬಾರದು ಎಂದು ನರ್ಸಮ್ಮ ಕೇಳಿದಾಗ ಅಳೆಯುವವನು ತಾನೇ ಅಳತೆಗೆ ಸಿಗಬಾರದು, ಅದು ತತ್ವ ಎಂದು ಅವನು ದೊಡ್ಡ ಮಾತಾಡಿದ. ತತ್ವವೂ ಇಲ್ಲ, ಮಣ್ಣೂ ಇಲ್ಲ, ಕೊಳವೆಗೆ ಹೆದರಿದ್ದ. ತಂಗಿಯನ್ನು ಕೇಳಿದಾಗ ಅವಳು ಒಂದು ಕ್ಷಣವೂ ಯೋಚಿಸದೆ ಒಪ್ಪಿದಳು. "ಹೇಗೂ ಒಳಗೆ ನೋಡ್ತಾರಲ್ಲ ಅಣ್ಣ" ಎಂದಳು. ಆ ಮಾತು ಆಗ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು, ಆಗಾಗ ಹೊಟ್ಟೆನೋವು, ಭೇದಿ ಆಗುವುದುಂಟೆ ಎಂದು. ತಂಗಿ ಪೆನ್ನು ಹಿಡಿದು ತಡೆದಳು. ಅವನು ಅವಳ ಕೈಯಿಂದ ಪೆನ್ನು ಕಿತ್ತುಕೊಂಡು 'ಇಲ್ಲ' ಎಂಬಲ್ಲಿ ಗುರುತು ಹಾಕಿದ. ತಾನು ಹಾಗೆ ನಂಬಿದ್ದನಲ್ಲ, ಸುಳ್ಳೇನು ಬಂತು? ಸಾಲಿಗೆ ಒಬ್ಬಳು ಸೇರಿದಳು. ದೊಡ್ಡವರು ಆವತ್ತು ಮೊದಲ ಸಲ ಅವನನ್ನು ಫೋಟೋಗ್ರಾಫರ್ ಎನ್ನದೆ ಹೆಸರು ಹಿಡಿದು ಕರೆದಿದ್ದರು. ಈ ಒಂದು ಕರೆಗಾಗಿ, ಥೂ, ಎಂದು ಅವನು ಕನ್ನಡಿಗೆ ನೀರು ಎರಚಿದ. ಮುಖ ಕದಡಿತು. ಒರೆಸಲು ಕಾಗದ ಇರಲಿಲ್ಲ, ಪ್ಯಾಂಟಿಗೇ ಕೈ ಒರೆಸಿಕೊಂಡ.

ಚಹಾ ಕೋಣೆಯಲ್ಲಿ ಗೋಡೆಗುಂಟ ಕುರ್ಚಿಗಳು, ಮೂಲೆಯಲ್ಲಿ ಪ್ರಿಂಟರು, ನಡುವಿನ ಮೇಜಿನ ಮೇಲೆ ಬಿಸ್ಕತ್ತು. ಆರೋಗ್ಯವಂತರು ತಮ್ಮ ತಮ್ಮ ಆರೋಗ್ಯವನ್ನು ತಟ್ಟೆಯಲ್ಲಿ ತುಂಬಿಕೊಳ್ಳುತ್ತಿದ್ದರು. ಒಬ್ಬ ನಿವೃತ್ತ ಕಂಡಕ್ಟರು ತಾನು ಐವತ್ತು ವರ್ಷದಲ್ಲಿ ಒಂದು ಮಾತ್ರೆಯನ್ನೂ ನುಂಗಿದವನಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದ. ಅವನನ್ನು ಹಿಡಿದು ಕಟ್ಟಿ ನಾಲ್ಕು ಮಾತ್ರೆ ನುಂಗಿಸಬೇಕು ಎನಿಸಿತು. ದೊಡ್ಡವರು ಎದ್ದು ನಿಂತು ಮಾತಾಡಿದರು. ಆರೋಗ್ಯ ಏನೆಂದು ತಿಳಿಯದೆ ರೋಗ ಏನೆಂದು ತಿಳಿಯುವುದು ಹೇಗೆ, ನೀವೇ ನಮ್ಮ ಅಳತೆಗೋಲು ಎಂದರು. ಚಪ್ಪಾಳೆ ಬಿತ್ತು. ಹಾಗಾದರೆ ನಮ್ಮ ಅಳತೆಗೋಲಿನ ತುದಿಯನ್ನು ನಾವೇ ನಾಲ್ಕು ತಿಂಗಳ ಹಿಂದೆ ಕತ್ತರಿಸಿಟ್ಟುಕೊಂಡೆವು ಎಂದು ಎದ್ದು ಹೇಳಿದರೆ ಏನಾದೀತು? ಬಿಸ್ಕತ್ತು ಕೈಯಲ್ಲೇ ನಿಂತಾವು, ಅಷ್ಟೇ. ಆಮೇಲೆ ಮತ್ತೆ ಬಾಯಿಗೆ ಹೋದಾವು. ತಂಗಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದಳು. ಎಲ್ಲಿಗೆ ಹೋದರೂ ಅವಳು ಬಾಗಿಲ ಹತ್ತಿರವೇ ಕೂರುತ್ತಾಳೆ ಎಂಬುದು ಅವನಿಗೆ ಈಗ ಹೊಳೆಯಿತು. ಬಸ್ಸಿನಲ್ಲಿ, ಮದುವೆಯಲ್ಲಿ, ಅಪ್ಪ ತೀರಿಕೊಂಡ ದಿನವೂ ಕೂಡ. ಕುಪ್ಪಸದ ತೋಳು ಸಡಿಲವಾಗಿ ಜೋತುಬಿದ್ದಿತ್ತು. ಮುಂದೆ ಇಟ್ಟ ಚಹಾ ತಣ್ಣಗಾಗಿ ಕೆನೆಗಟ್ಟಿತ್ತು. ನರ್ಸಮ್ಮ ಚೌಕಟ್ಟು ಕೈಗಿಟ್ಟಾಗ ಅವಳು ಅದನ್ನು ತಿರುಗಿಸಿ ಹಿಂಬದಿಯಲ್ಲಿ ನರ್ಸಮ್ಮ ಬರೆದ ತನ್ನ ಅಂಕೆ, ಹದಿನೇಳು, ನೋಡಿ, ಮತ್ತೆ ಚಿತ್ರ ನೋಡಿ, ಎದ್ದು ಸೀದಾ ಅವನ ಹತ್ತಿರ ಬಂದಳು.

"ಅಣ್ಣ, ಇದನ್ನ ದೊಡ್ಡದಾಗಿ ತೋರಿಸ್ತೀಯಾ? ಪರದೆ ಮೇಲೆ. ತೋರಿಸ್ತೀನಿ ಅಂತ ಹೇಳಿದ್ದೆ ನೀನು."

"ಪ್ರಿಂಟಲ್ಲೇ ಇದ್ಯಲ್ಲ."

"ಒಂದೇ ನಿಮಿಷ."

ಇಲ್ಲ ಎನ್ನಲು ಬಾಯಿ ತೆರೆದವನು ಎದ್ದು ಮುಂದೆ ನಡೆದ. ಕತ್ತಲಕೋಣೆಯಲ್ಲಿ ಅವಳು ಅವನ ಕುರ್ಚಿಯ ಬೆನ್ನು ಹಿಡಿದು ನಿಂತಳು. ಅವನು ನಾಲ್ಕನೆಯದನ್ನು ತೆರೆದ. ನೀಲಿ, ಹಸಿರು. ಅವಳು "ಎಷ್ಟು ಚೆನ್ನಾಗಿದೆ" ಎನ್ನಲಿಲ್ಲ. ಅದಕ್ಕಾಗಿ ಕಾದಿದ್ದ, ಬಯ್ಯಲು ಸಿದ್ಧವಾಗಿದ್ದ ಅವನ ಬಾಯಿಗೆ ಕೆಲಸ ಇಲ್ಲದಂತಾಯಿತು. ಅವಳು ಬಗ್ಗಿ, ಮಕ್ಕಳ ಪುಸ್ತಕ ತಿದ್ದುವವಳಂತೆ, ಎಡದಿಂದ ಬಲಕ್ಕೆ ಸಾಲು ಸಾಲಾಗಿ ನೋಡಿದಳು.

"ಕೆಂಪು ಇಲ್ವಲ್ಲ."

"ಇಲ್ಲ."

"ಕೆಂಪಿದ್ರೆ ಕಾಯಿಲೆ ಅಲ್ವಾ? ನೀನೇ ಹೇಳ್ತಿದ್ದೆ."

"ಹೂಂ."

"ಅಂದ್ರೆ ನಂಗೇನಿಲ್ಲ." ಅವಳು ಕುರ್ಚಿಯ ಬೆನ್ನು ಬಿಟ್ಟು ನೆಟ್ಟಗಾದಳು. "ಅಮ್ಮ ಹೇಳಿದ್ದೇ ಸರಿ. ನೀನು ಹೇಳಿದ್ದೂ. ನಾನೇ ಮನಸ್ಸಿನಲ್ಲಿ ಏನೇನೋ ಕಟ್ಕೊಂಡು ಕೂತೆ." ನಗಲು ನೋಡಿದಳು. "ಇವತ್ತು ಇದನ್ನ ನೋಡ್ಬಿಟ್ಟು ತೀರ್ಮಾನ ಮಾಡೋಣ ಅಂದ್ಕೊಂಡಿದ್ದೆ ಕಣೋ. ಏನಾದ್ರೂ ಇದ್ರೆ ಡಾಕ್ಟರ್ ಹತ್ರ ಹೋಗೋದು. ಇಲ್ದಿದ್ರೆ ಬಾಯಿ ಮುಚ್ಕೊಂಡಿರೋದು. ಸ್ಕೂಲಿಗೆ ನಾನೇ ರಾಜೀನಾಮೆ ಕೊಡ್ತೀನಿ, ಅವರ ಹತ್ರ ಇನ್ನೊಂದು ಪತ್ರ ಇಸ್ಕೊಳ್ಳೋದ್ಯಾಕೆ."

ಸರಿ, ಮುಗಿಯಿತು, ಎಂದು ಅವನೊಳಗೊಬ್ಬ ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರು ತನ್ನದೇ ಎಂದು ಗೊತ್ತಾಗಿ ಅವನಿಗೆ ಅಸಹ್ಯವಾಯಿತು. ಇಷ್ಟು ವರ್ಷ ದೊಡ್ಡವರನ್ನು, ಕಂಡಕ್ಟರನನ್ನು, ಹೂವು ಹೂವು ಎನ್ನುವ ಪೆದ್ದರನ್ನು ಹೀಗಳೆದದ್ದೆಲ್ಲ ಈ ನಿಟ್ಟುಸಿರನ್ನು ಮುಚ್ಚಿಟ್ಟುಕೊಳ್ಳಲೆಂದೇ ಇದ್ದಿರಬೇಕು. ತಂಗಿ ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟು ನಿಂತಳು.

"ಆದ್ರೆ ಒಂದು ಕೇಳ್ಲಾ? ಬೈಬಾರ್ದು. ಏನೂ ಇಲ್ದಿದ್ರೆ ರಕ್ತ ಎಲ್ಲಿಂದ ಬರತ್ತೆ?"

"ಯಾವ ರಕ್ತ?"

"ಎರಡು ತಿಂಗಳಾಯ್ತು. ಹೇಳ್ಲಿಲ್ಲ. ಹೇಳಿದ್ರೆ ಮತ್ತೆ ಅದೇ ಮಾತು ಅನ್ನಿಸ್ಕೋಬೇಕಲ್ಲ."

ಎರಡು ತಿಂಗಳು. ಹದಿನೇಳನ್ನು ಹಾಳಾದವುಗಳ ಕಡತಕ್ಕೆ ತಳ್ಳಿ ನಾಲ್ಕು. ಕಳೆಯುವ ಲೆಕ್ಕ ಅವಳ ತರಗತಿಯ ಮಕ್ಕಳಿಗೂ ಬರುತ್ತದೆ. ಅಂದು ಯಾರಾದರೂ ಒಂದು ಮಾತು ಹೇಳಿದ್ದರೆ ರಕ್ತ ಕಾಣುವ ಎರಡು ತಿಂಗಳ ಮೊದಲೇ ಔಷಧಿ ಶುರುವಾಗುತ್ತಿತ್ತು, ಆ ರಕ್ತ ಬಹುಶಃ ಬರುತ್ತಲೇ ಇರಲಿಲ್ಲ. ಅವನಿಗಾದದ್ದು ದುಃಖವೇ, ಬೇರೆ ಹೆಸರು ಕೊಟ್ಟು ಜಾರಿಕೊಳ್ಳಲು ಸಾಧ್ಯವಿರಲಿಲ್ಲ. ಹೊರಗೆ ದೊಡ್ಡವರು ಏನಕ್ಕೋ ಜೋರಾಗಿ ನಕ್ಕರು. ಈಗ ತೆರೆದರೆ ಪ್ರಬಂಧ ಹೋಗುತ್ತದೆ, ಅರ್ಜಿಯ ಮೇಲಿನ ಗುರುತು ಯಾರ ಕೈಯದೆಂದು ಕೇಳುತ್ತಾರೆ, ಫೋಟೋಗ್ರಾಫರನ ಕುರ್ಚಿಯೂ ಹೋಗಬಹುದು. ತೆರೆಯದಿದ್ದರೆ ಇವಳು ಹೀಗೇ ಬಾಗಿಲು ತೆಗೆದು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಚೌಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಾಳೆ. ಬಾಗಿಲ ಹತ್ತಿರದ ಸೀಟು ಹುಡುಕುತ್ತಾಳೆ.

"ಬಾ ಇಲ್ಲಿ" ಎಂದ. "ಅದು ನಿಂದಲ್ಲ."

ಹಾಳಾದವುಗಳ ಕಡತ ತೆರೆದು ಹದಿನೇಳನ್ನು ಪರದೆಯ ತುಂಬ ಹಿಡಿಸಿದ. ಕೋಣೆಯೇ ಕೆಂಪಾಯಿತು. ತಂಗಿಯ ಗಲ್ಲ, ಕೊರಳು, ಅವನ ಕೈ, ಎಲ್ಲದರ ಮೇಲೂ ಆ ಬೆಳಕು.

"ಇದು?"

"ಇದು ನಿಂದು."

"ಇಷ್ಟೊಂದಾ?" ಅವಳು ಬೆರಳನ್ನು ಗಾಜಿನ ತೀರ ಹತ್ತಿರ ತಂದು, ಮುಟ್ಟದೆ, ಕೆಂಪಿನ ಅಂಚಿನುದ್ದಕ್ಕೂ ಸರಿಸಿದಳು. ಆಮೇಲೆ ಆದದ್ದಕ್ಕೆ ಅವನು ಸಿದ್ಧನಾಗಿರಲಿಲ್ಲ. ಅವಳ ಮುಖ ಅರಳಿತು. ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ, ಶಾಲೆಯಲ್ಲಿ ಬಹುಮಾನ ಗೆದ್ದು ಓಡಿ ಬಂದ ದಿನದ ಹಾಗೆ ಅರಳಿತು. "ನೋಡು! ಹೇಳಿರ್ಲಿಲ್ವಾ ನಾನು? ಸುಳ್ಳಲ್ಲ ಅಂತ ಹೇಳಿರ್ಲಿಲ್ವಾ?" ತನ್ನ ಕರುಳು ಕೊರೆದುಹೋಗಿದೆ ಎಂಬುದಕ್ಕೆ ಒಬ್ಬಳು ಹೀಗೆ ಸಂತೋಷಪಡುವಂತೆ ಮಾಡಿಟ್ಟವರು ಯಾರು ಎಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಅವನು ಎಲ್ಲವನ್ನೂ ಹೇಳಲು ಶುರುಮಾಡಿದ, ಬಣ್ಣ, ನಕ್ಷೆ, ದೊಡ್ಡವರು, ಎರಡು ಡಬ್ಬಿ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳ ಕಣ್ಣು ಚಿತ್ರದ ಮೇಲಿಂದ ಜಾರಿ ಕೆಳಗಿನ ಮೂಲೆಗೆ ಹೋಗಿತ್ತು. ಅಲ್ಲಿ ತಾರೀಖು, ತೆಗೆದವನ ಹೆಸರಿನ ಎರಡಕ್ಷರ, ಅದರ ಪಕ್ಕ ಷರಾ. ಒಂದು ಗುಂಡಿ ಒತ್ತಿದ್ದರೆ ಆ ಪಟ್ಟಿ ಮುಚ್ಚಿಕೊಳ್ಳುತ್ತಿತ್ತು. ಗುಂಡಿ ಅವನ ಬೆರಳ ಕೆಳಗೇ ಇತ್ತು. ಬೆರಳು ಒತ್ತಲಿಲ್ಲ. ಅವಳು ಮಕ್ಕಳಿಗೆ ಓದಿ ಹೇಳುವ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ ಓದಿದಳು.

"ಆರೋಗ್ಯವಂತರ ಸಾಲಿನಲ್ಲಿ ಕೂತು ರಂಪ. ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬಯ್ಯುತ್ತಾಳೆಂದು ಅವನು ಕಾದ. ಬಯ್ದರೆ ಚೆನ್ನಾಗಿತ್ತು, ಬಯ್ಗುಳಕ್ಕೆ ಅವನ ಹತ್ತಿರ ಉತ್ತರವಿತ್ತು.

"ಇದರದೊಂದು ಪ್ರಿಂಟ್ ಕೊಡು" ಎಂದಳು. "ಡಾಕ್ಟ್ರಿಗೆ ಬೇಕಾಗತ್ತೆ."

"ಕೊಡ್ತೀನಿ. ಕೆಳಗಿನದನ್ನ ತೆಗೆದು..."

"ತೆಗೀಬೇಡ. ಬರೆದಿರೋದೂ ಇರ್ಲಿ. ಅಮ್ಮಂಗೆ ತೋರಿಸ್ಬೇಕು."

ಪ್ರಿಂಟರು ಚಹಾ ಕೋಣೆಯಲ್ಲಿದೆ ಎಂದು ಅವನಿಗೆ ನೆನಪಿತ್ತು. ಒತ್ತಿದ. ಗೋಡೆಯಾಚೆ ಯಂತ್ರ ಕಾಗದ ಎಳೆದುಕೊಳ್ಳುವ ಸದ್ದು ಕೇಳಿಸಿತು. ತಂಗಿ ನಾಲ್ಕನೆಯದರ ಚೌಕಟ್ಟನ್ನು ಅವನ ಮೇಜಿನ ಮೇಲೆ ಬೋರಲು ಇಟ್ಟು ಬಾಗಿಲು ತೆಗೆದಳು. ಬೆಳಕು ಒಳಗೆ ನುಗ್ಗಿ ಪರದೆಯ ಕೆಂಪು ಮಸುಕಾಯಿತು. ಆಚೆ ಮಾತುಗಳು ಒಂದೊಂದಾಗಿ ನಿಂತವು. "ಇದೇನಿದು?" ಎಂದರು ದೊಡ್ಡವರು, ಪ್ರಿಂಟರಿನ ಹಾಳೆ ಕೈಯಲ್ಲಿ ಹಿಡಿದು, ನಗು ಇನ್ನೂ ಅರ್ಧ ಉಳಿದಿದ್ದ ದನಿಯಲ್ಲಿ. "ಯಾರ್ದು ಇದು? ಇದನ್ನ ಯಾರು ಇಲ್ಲಿ ಹಾಕಿದ್ದು?"

"ನಂದು ಸಾರ್" ಎಂದಳು ತಂಗಿ. "ಕೊಡಿ ಇಲ್ಲಿ."